ಒಂದೇ ಟ್ಯಾಂಕ್ ಪೆಟ್ರೋಲಲ್ಲಿ ಮಂಡ್ಯದಿಂದ ತಿರುಪತಿಗೆ ಹೋಗಿ ಬರಬಹುದಾ?

ಪ್ರಶ್ನೆ: ಹೈಬ್ರಿಡ್ ಕಾರು ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಗಿದೆ. ಟೊಯೋಟಾ ಹೈರೈಡರ್ ನೋಡಿಟ್ಟಿದ್ದೇವೆ. ಲೀಟರಿಗೆ ಸುಮಾರು 28 ಕಿ.ಮೀ. ಮೈಲೇಜ್ ಅಂತ ಹೇಳುತ್ತಾರೆ. ಆದರೆ ಬ್ಯಾಟರಿಗೆ ಜಾಗ ಬೇಕಲ್ಲ, ಅದಕ್ಕೆ ಹೈಬ್ರಿಡ್‌ನಲ್ಲಿ ಟ್ಯಾಂಕ್ ಚಿಕ್ಕದು ಮಾಡಿರುತ್ತಾರೆ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ಮಂಡ್ಯದಲ್ಲಿ ಟ್ಯಾಂಕ್ ಫುಲ್ ಮಾಡಿಸಿದರೆ ತಿರುಪತಿಗೆ ಹೋಗಿ ವಾಪಸ್ ಬರಬಹುದಾ?

ಉತ್ತರ: ತಿರುಪತಿಗೆ ಹೋಗುವುದಕ್ಕೆ ಧಾರಾಳವಾಗಿ ಸಾಕು. ವಾಪಸ್ ಮಂಡ್ಯದವರೆಗೂ ಅದೇ ಪೆಟ್ರೋಲಲ್ಲಿ ಬರುತ್ತೇವೆ ಅನ್ನುವ ಲೆಕ್ಕ ಮಾತ್ರ ಬೇಡ. ಯಾಕೆ ಅಂತ ಹೇಳುತ್ತೇನೆ.

ಮೊದಲು ಟ್ಯಾಂಕಿನ ವಿಷಯ. ನಿಮ್ಮ ಪಕ್ಕದ ಮನೆಯವರ ಮಾತು ಈ ಕಾರಿಗೆ ಅನ್ವಯಿಸುವುದಿಲ್ಲ. ಹೈರೈಡರ್‌ನ ಸಾದಾ ಪೆಟ್ರೋಲ್ ಮಾದರಿಗೂ 45 ಲೀಟರ್ ಟ್ಯಾಂಕ್, ಹೈಬ್ರಿಡ್‌ಗೂ 45 ಲೀಟರ್. ಇದರ ಜೋಡಿ ಮಾರುತಿ ಗ್ರ್ಯಾಂಡ್ ವಿಟಾರಾದಲ್ಲೂ ಹಾಗೆಯೇ. ಹೋಂಡಾ ಸಿಟಿಯಲ್ಲಿ ಎರಡಕ್ಕೂ 40 ಲೀಟರ್. ಬ್ಯಾಟರಿ ಜಾಗ ಕಿತ್ತುಕೊಂಡಿರುವುದು ಡಿಕ್ಕಿಯಿಂದ. ಸಾದಾ ಸಿಟಿಯ ಡಿಕ್ಕಿ 506 ಲೀಟರ್ ಇದ್ದರೆ ಹೈಬ್ರಿಡ್ ಸಿಟಿಯದು ಬರೀ 306. ಮನೆಮಂದಿಯೆಲ್ಲ ತಿರುಪತಿಗೆ ಹೊರಡುವಾಗ ನಿಮಗೆ ಮೊದಲು ಅಡ್ಡ ಬರುವುದು ಬ್ಯಾಗ್ ಇಡುವ ಜಾಗ. ಶೋರೂಮಿನಲ್ಲಿ ಡಿಕ್ಕಿ ತೆಗೆಸಿ ನೋಡಿ, ಸಂಕೋಚ ಬೇಡ.

ಈಗ ದೂರದ ಲೆಕ್ಕ. ಕಂಪನಿ ಹೇಳುವ ಮೈಲೇಜ್ 27.97. ಅದನ್ನು 45ರಿಂದ ಗುಣಿಸಿದರೆ ಸುಮಾರು 1,258 ಕಿ.ಮೀ. ಮಂಡ್ಯದಿಂದ ತಿರುಪತಿಗೆ ಬೆಂಗಳೂರು, ಕೋಲಾರ, ಮುಳಬಾಗಿಲು, ಚಿತ್ತೂರು ದಾರಿಯಲ್ಲಿ ಸುಮಾರು 350 ಕಿ.ಮೀ. ಹೋಗಿ ಬರುವುದು 700. ತಿರುಮಲ ಬೆಟ್ಟ ಹತ್ತಿ ಇಳಿಯಲು ಇನ್ನೊಂದು 40. ಕಾಗದದ ಮೇಲೆ ನೋಡಿದರೆ ಮನೆಗೆ ಬಂದ ಮೇಲೂ 500 ಕಿ.ಮೀ.ಗೆ ಆಗುವಷ್ಟು ಪೆಟ್ರೋಲ್ ಉಳಿಯಬೇಕು, ಅಲ್ವಾ?

ಉಳಿಯುವುದಿಲ್ಲ. ಆ 27.97 ಪ್ರಯೋಗಾಲಯದ ಅಂಕಿ. ಅಲ್ಲಿ ಕಾರು ರಸ್ತೆಗೇ ಇಳಿಯುವುದಿಲ್ಲ, ರೋಲರ್ ಮೇಲೆ ಓಡುತ್ತದೆ. ಎಸಿ ಆಫ್ ಇರುತ್ತದೆ. ವೇಗ 90 ದಾಟುವುದಿಲ್ಲ. ನಿಂತು ನಿಂತು ನಿಧಾನಕ್ಕೆ ಹೋಗುವ ಓಟವೇ ಜಾಸ್ತಿ. ಹೈಬ್ರಿಡ್‌ಗೆ ಇಂಥ ಓಟವೇ ಇಷ್ಟ. ಪ್ರತಿ ಸಲ ಬ್ರೇಕ್ ಒತ್ತಿದಾಗಲೂ ಮೋಟಾರು ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ಮತ್ತೆ ಹೊರಡುವಾಗ ಎಂಜಿನ್ ಎಬ್ಬಿಸದೆ ಅದೇ ಕರೆಂಟಲ್ಲಿ ಕಾರು ಹೊರಡುತ್ತದೆ. ಸಂಜೆ ಹೊತ್ತು ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ತೆವಳುವಾಗ ಸಾದಾ ಕಾರಿನ ಮೈಲೇಜ್ ನೆಲ ಕಚ್ಚುತ್ತದೆ, ಹೈಬ್ರಿಡ್‌ನದು ಏರುತ್ತದೆ.

ಮಂಡ್ಯ ದಾಟಿ ಬೆಂಗಳೂರಿನ ಎಕ್ಸ್‌ಪ್ರೆಸ್‌ವೇ ಹಿಡಿದಿರೋ, ಆಟ ಬದಲಾಗುತ್ತದೆ. 100ರ ವೇಗದಲ್ಲಿ ಒಂದೇ ಸಮ ಹೋಗುವಾಗ ಬ್ರೇಕೇ ಇಲ್ಲ, ಹಾಗಾಗಿ ವಾಪಸ್ ಬರುವ ಕರೆಂಟೂ ಇಲ್ಲ. ಹೆಚ್ಚಿನ ಹೊತ್ತು ಎಂಜಿನ್ನೇ ಎಳೆಯಬೇಕು. ಗಾಳಿಯ ತಡೆ ಬೇರೆ. ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಲ್ಲಿ ಇದ್ದ ತಡೆ 100ರಲ್ಲಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ನಿಮ್ಮ ಕೈಯಲ್ಲಿರುವ ದೊಡ್ಡ ಉಳಿತಾಯ ಇದೇ. 80-85ರಲ್ಲಿ ಹೋಗಿ ನೋಡಿ, ವ್ಯತ್ಯಾಸ ಮೀಟರಿನಲ್ಲೇ ಕಾಣುತ್ತದೆ.

ತಿರುಮಲ ಘಾಟಿ ಇಳಿಯುವಾಗ ಬ್ಯಾಟರಿ ತುಂಬುತ್ತಲ್ಲ ಅಂತ ಕೇಳಬಹುದು. ತುಂಬುತ್ತದೆ, ಆದರೆ ಬೇಗ ತುಂಬಿಬಿಡುತ್ತದೆ. ಜನ, ಲಗೇಜ್ ಸೇರಿ 1,600 ಕೆ.ಜಿ. ಇರುವ ಕಾರು ಸುಮಾರು 700 ಮೀಟರ್ ಎತ್ತರ ಇಳಿದರೆ ಲೆಕ್ಕದಲ್ಲಿ ಸುಮಾರು 3 ಯೂನಿಟ್ ಕರೆಂಟಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಹೈರೈಡರ್‌ನ ಬ್ಯಾಟರಿ ಹಿಡಿಯುವುದು 0.76 ಯೂನಿಟ್. ಉರುಳುವ ತಡೆಯಲ್ಲಿ, ಗಾಳಿಯಲ್ಲಿ ಒಂದಷ್ಟು ಹೋದರೂ ಉಳಿದದ್ದಕ್ಕೆ ಜಾಗ ಸಾಲದು. ಬೆಟ್ಟ ಹತ್ತುವಾಗ ಸುಟ್ಟ ಪೆಟ್ರೋಲಲ್ಲಿ ಸ್ವಲ್ಪ ಪಾಲು ಮಾತ್ರ ವಾಪಸ್ ಸಿಗುತ್ತದೆ.

ಇನ್ನೊಂದು ಕಾರಣ ಪೆಟ್ರೋಲೇ. ಈಗ ಬಂಕ್‌ಗಳಲ್ಲಿ ಸಿಗುವ ಮಾಮೂಲಿ ಪೆಟ್ರೋಲಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಕಬ್ಬಿನ ಸೀಮೆಯವರಿಗೆ ಎಥೆನಾಲ್ ಏನು ಅಂತ ಹೇಳಬೇಕಾಗಿಲ್ಲ. ಒಂದು ಲೀಟರ್ ಎಥೆನಾಲಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅಂದರೆ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಟ್ಯಾಂಕಿನ ಒಟ್ಟು ಶಕ್ತಿಯಲ್ಲಿ ಶೇ. 6-7ರಷ್ಟು ಕಡಿತ.

ಹಾಗಾಗಿ ಕಾರು ತುಂಬ ಜನ, ಎಸಿ ಆನ್, ಹೆದ್ದಾರಿ ಓಟ ಅಂದರೆ ನಾನು ಲೀಟರಿಗೆ 18 ಅಂತ ಹಿಡಿಯುತ್ತೇನೆ. ಜಾಸ್ತಿ ಬಂದರೆ ಸಂತೋಷ. ಟ್ಯಾಂಕಲ್ಲಿ 5 ಲೀಟರ್ ಮುಟ್ಟುವುದೇ ಇಲ್ಲ ಅಂತ ಬಿಟ್ಟುಬಿಡುತ್ತೇನೆ. ಉಳಿದ 40 ಲೀಟರಿಗೆ 720 ಕಿ.ಮೀ. ನಿಮ್ಮ ದಾರಿ 740. ಬೆಂಗಳೂರಿನ ಟ್ರಾಫಿಕ್, ತಿರುಪತಿಯಲ್ಲಿ ರೂಮು ಹುಡುಕುವ ಸುತ್ತಾಟ ಇನ್ನೂ ಸೇರಿಸಿಲ್ಲ. ಕರ್ನಾಟಕಕ್ಕಿಂತ ಆಂಧ್ರದಲ್ಲಿ ಪೆಟ್ರೋಲ್ ದುಬಾರಿ. ಅದಕ್ಕೇ ವಾಪಸ್ ಬರುವಾಗ ಗಡಿ ದಾಟಿ ಮುಳಬಾಗಿಲಿನಲ್ಲಿ ಹಾಕಿಸಿಕೊಳ್ಳಿ. ಅಷ್ಟು ಹೊತ್ತಿಗೆ 550 ಕಿ.ಮೀ. ಆಸುಪಾಸು ಓಡಿರುತ್ತದೆ, ಟ್ಯಾಂಕಲ್ಲಿ ಇನ್ನೂ ಇರುತ್ತದೆ.

ಬಂಕಿನಲ್ಲಿ ಗನ್ ತಾನಾಗಿ ಕಟ್ ಆದ ಮೇಲೆ ಇನ್ನೂ ಸ್ವಲ್ಪ ಹಾಕಿ ಅನ್ನಬೇಡಿ. ಆವಿಗೆ ಬಿಟ್ಟ ಜಾಗಕ್ಕೆ ಪೆಟ್ರೋಲ್ ನುಗ್ಗಿ, ಆವಿ ಹಿಡಿಯುವ ಇದ್ದಿಲಿನ ಡಬ್ಬಿ ಕೆಡುತ್ತದೆ. ಮೀಟರಿನಲ್ಲಿ ‘ಇನ್ನು ಇಷ್ಟು ಕಿ.ಮೀ. ಹೋಗಬಹುದು’ ಅಂತ ತೋರಿಸುವುದನ್ನೂ ಪೂರ್ತಿ ನಂಬಬೇಡಿ. ಅದು ಹಿಂದಿನ ಓಟದ ಮೈಲೇಜ್ ನೋಡಿ ಹೇಳುವ ಅಂದಾಜು. ಊರೊಳಗೆ ಓಡಿಸಿದ ಮೇಲೆ ಟ್ಯಾಂಕ್ ತುಂಬಿಸಿದರೆ ದೊಡ್ಡ ಅಂಕಿ ತೋರಿಸಿ, ಹೆದ್ದಾರಿಯಲ್ಲಿ ಸರಸರ ಇಳಿಯುತ್ತದೆ.

ನಾನು 5 ಲೀಟರ್ ಬಿಡುವುದಕ್ಕೆ ಒಂದು ಗಟ್ಟಿ ಕಾರಣ ಇದೆ. ಪೆಟ್ರೋಲ್ ಖಾಲಿಯಾದರೂ ಬ್ಯಾಟರಿಯಲ್ಲಿ ಊರು ಸೇರಬಹುದು ಅಂತ ಹಲವರು ನಂಬಿದ್ದಾರೆ. ಹೆದ್ದಾರಿಯಲ್ಲಿ ಆ ಪುಟ್ಟ ಬ್ಯಾಟರಿ ನಿಮ್ಮನ್ನು ಕೆಲವೇ ಕಿ.ಮೀ. ಎಳೆದರೆ ಹೆಚ್ಚು. ಟೊಯೋಟಾದ ಸ್ಟ್ರಾಂಗ್ ಹೈಬ್ರಿಡ್‌ಗಳಲ್ಲಿ, ಅಂದರೆ ಹೀಗೆ ಬರೀ ಬ್ಯಾಟರಿಯಲ್ಲೂ ಸ್ವಲ್ಪ ದೂರ ಓಡಬಲ್ಲ ಕಾರುಗಳಲ್ಲಿ, ಎಂಜಿನ್ ಸ್ಟಾರ್ಟ್ ಮಾಡಲು ಬೇರೆ ಸ್ಟಾರ್ಟರ್ ಮೋಟಾರ್ ಇರುವುದಿಲ್ಲ. ಆ ಕೆಲಸವೂ ಇದೇ ಬ್ಯಾಟರಿಯದು. ಅದನ್ನೂ ಖಾಲಿ ಮಾಡಿಕೊಂಡರೆ, ಆಮೇಲೆ ಕ್ಯಾನಿನಲ್ಲಿ ಪೆಟ್ರೋಲ್ ತಂದು ಹಾಕಿದರೂ ಎಂಜಿನ್ ಏಳದೆ ಇರಬಹುದು. ಜಂಪರ್ ಕೇಬಲ್ ಹಾಕಿ ಎಬ್ಬಿಸುವ ಬ್ಯಾಟರಿ ಅದಲ್ಲ. ಗಾಡಿಯನ್ನು ಎತ್ತಿಸಿಕೊಂಡು ಸರ್ವಿಸ್ ಸೆಂಟರಿಗೆ ಹೋಗಬೇಕಾಗುತ್ತದೆ. ಪೆಟ್ರೋಲ್ ಖಾಲಿಯಾಗಿ ಎಂಜಿನ್ ನಿಂತರೆ, ಬ್ಯಾಟರಿಯಲ್ಲಿ ಇರುವಷ್ಟರಲ್ಲೇ ರಸ್ತೆ ಪಕ್ಕಕ್ಕೆ ಸೇರಿಸಿ ಆಫ್ ಮಾಡಿ. ಪೆಟ್ರೋಲ್ ಬರುವ ತನಕ ಮತ್ತೆ ಆನ್ ಮಾಡಬೇಡಿ, ಎಸಿಗೋಸ್ಕರವೂ ಬೇಡ.