ಗುದನಾಳಕ್ಕೆ ರಕ್ತ ಸಾಲದಾದಾಗ

ಎಪ್ಪತ್ತು ದಾಟಿದವರ ಮಲದಲ್ಲಿ ರಕ್ತ ಕಂಡರೆ ಮನೆಯವರು ಮೊದಲು ಹೇಳುವುದು ‘ಪೈಲ್ಸ್ ಇರಬೇಕು’ ಅಂತ. ಇರಲೂಬಹುದು. ಆದರೆ ಕಿಬ್ಬೊಟ್ಟೆಯ ಎಡಭಾಗ ಏಕಾಏಕಿ ಹಿಂಡಿದಂತೆ ನೋಯತೊಡಗಿ, ತಡೆಯಲಾಗದ ಹಾಗೆ ಮಲ ಒತ್ತಿಬಂದು, ಒಂದು ದಿನದೊಳಗೆ ರಕ್ತ ಬೆರೆತ ಭೇದಿಯಾದರೆ, ಕರುಳಿಗೆ ರಕ್ತ ಸಾಲುತ್ತಿಲ್ಲ ಎಂದು ಅನುಮಾನಿಸಬೇಕು.

ದೊಡ್ಡ ಕರುಳಿಗೆ ರಕ್ತ ತರುವ ಮುಖ್ಯ ಅಪಧಮನಿಗಳು ಎರಡು. ಒಂದರ ಹರಿವು ಮುಗಿದು ಇನ್ನೊಂದರದು ಶುರುವಾಗುವುದು ಗುಲ್ಮದ ಬಳಿ, ಕರುಳು ಕೆಳಕ್ಕೆ ತಿರುಗುವ ಮೂಲೆಯಲ್ಲಿ. ಅದರ ಪಾಡು ಕಾಲುವೆಯ ಕೊನೆಯ ಜಮೀನಿನದು. ರಕ್ತದೊತ್ತಡ ಇಳಿದರೆ ಬೇಗ ಸೊರಗುತ್ತದೆ. ಗುದನಾಳ ಹಾಗಲ್ಲ. ಮೇಲಿನಿಂದ ಆ ಎರಡರಲ್ಲೊಂದಾದ ಕೆಳ ಮೆಸೆಂಟೆರಿಕ್ ಅಪಧಮನಿಯ ತುದಿ, ಪಕ್ಕದಿಂದ ಮತ್ತು ಕೆಳಗಿನಿಂದ ಸೊಂಟದ ಇಲಿಯಾಕ್ ಅಪಧಮನಿಯ ಕವಲುಗಳು ಅದಕ್ಕೆ ರಕ್ತ ಕೊಡುತ್ತವೆ. ಒಂದು ಕಟ್ಟಿದರೆ ಇನ್ನೊಂದು ಸಂಭಾಳಿಸುತ್ತದೆ. ಹಾಗಾಗಿ ಇಲ್ಲಿ ರಕ್ತದ ಕೊರತೆ ಅಪರೂಪ. ಕಾಣಿಸಿಕೊಂಡರೆ ಎರಡೂ ದಾರಿಗಳನ್ನು ತಪಾಸಣೆ ಮಾಡಬೇಕು: ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳದ) ಶಸ್ತ್ರಚಿಕಿತ್ಸೆ ಆಗಿತ್ತೇ, ಸೊಂಟಕ್ಕೆ ವಿಕಿರಣ ಕೊಟ್ಟಿದ್ದರೇ, ಕೊಬ್ಬು ಕಟ್ಟಿದ ನಾಳಗಳಿರುವಾಗಲೇ ರಕ್ತದೊತ್ತಡ ಕುಸಿದಿತ್ತೇ?

ಸಿಟಿ ಸ್ಕ್ಯಾನ್‌ನಲ್ಲಿ ಗೋಡೆ ಊದಿದ್ದು ಕಾಣುತ್ತದೆ. ಆದರೆ ದೊಡ್ಡ ನಾಳಗಳು ತೆರೆದೇ ಇರುವುದುಂಟು, ಅದನ್ನು ನಂಬಿ ಸುಮ್ಮನಾಗಬಾರದು. ಎಂಡೋಸ್ಕೋಪ್ (ಕ್ಯಾಮೆರಾ ಇರುವ ನಳಿಕೆ) ಹಾಕಿ ನೋಡುವುದು 48 ಗಂಟೆಯೊಳಗಾದರೆ ಒಳ್ಳೆಯದು. ನೋಡಲು ಕರುಳನ್ನು ಅರಳಿಸುವ ಗಾಳಿ ಮಾತ್ರ ಕನಿಷ್ಠವಿರಲಿ: ಕರುಳಿನೊಳಗಿನ ಒತ್ತಡ 30 ಮಿ.ಮೀ. ಪಾದರಸ ದಾಟಿದರೆ ಉಳಿದಷ್ಟು ರಕ್ತದ ಹರಿವೂ ಕುಗ್ಗುತ್ತದೆ. ಬೇಗ ಹೀರಿಹೋಗುವ ಕಾರ್ಬನ್ ಡೈಆಕ್ಸೈಡ್ ವಾಸಿ. ಕಾಣುವುದು ಪೇಲವವಾಗಿ ಊದಿದ ಲೋಳೆಪೊರೆ, ನೇರಳೆ ಬಣ್ಣದ ಉಬ್ಬುಗಳು, ಹುಣ್ಣು. ಅದು ಗೆರೆ ಎಳೆದಂತೆ ನಿಂತು, ಆಚೆ ಆರೋಗ್ಯವಂತ ಗುಲಾಬಿ ಬಣ್ಣ ಶುರುವಾಗುತ್ತದೆ. ಈ ಗೆರೆಯನ್ನು ಗಮನಿಸದೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ) ಎಂದು ಸ್ಟೆರಾಯ್ಡ್ ಕೊಟ್ಟರೆ ಪ್ರಯೋಜನವಿಲ್ಲ. ಬಣ್ಣ ಬೂದು-ಹಸಿರು ಅಥವಾ ಕಪ್ಪಾಗಿದ್ದರೆ ಗೋಡೆ ಕೊಳೆತಿದೆ. ಅಲ್ಲಿಗೇ ನಿಲ್ಲಿಸಿ ಶಸ್ತ್ರವೈದ್ಯರನ್ನು ಕರೆಯಬೇಕು.

ಲೋಳೆಪೊರೆಯಷ್ಟೇ ಹಾಳಾಗಿದ್ದರೆ ಊಟ ನಿಲ್ಲಿಸಿ ಡ್ರಿಪ್, ಆಂಟಿಬಯಾಟಿಕ್ ಕೊಡುತ್ತಾರೆ. ರಕ್ತನಾಳ ಕುಗ್ಗಿಸುವ ಔಷಧಿಗಳನ್ನು ಆದಷ್ಟು ಬಿಡಿಸುತ್ತಾರೆ. ಹುಣ್ಣು ಆಳವಾಗಿದ್ದವರಿಗೆ ವಾರ-ತಿಂಗಳುಗಳ ನಂತರ ಕರುಳು ಕಿರಿದಾಗಿ ಮಲ ಕಟ್ಟಬಹುದು.

ಮಹಾಪಧಮನಿಯ ಶಸ್ತ್ರಚಿಕಿತ್ಸೆಯಾಗಿ ವೆಂಟಿಲೇಟರ್‌ನಲ್ಲಿರುವವರು ನೋವು ಹೇಳಲಾರರು. ಮೊದಲ ಒಂದೆರಡು ದಿನದಲ್ಲೇ ಭೇದಿಯಾದರೆ, ರಕ್ತ ಕಾಣದಿದ್ದರೂ, ಒಳಗೆ ಇಣುಕಿ ನೋಡಲು ಅಷ್ಟೇ ಕಾರಣ ಸಾಕು.