ಮೇಲೋಗರಕ್ಕೂ ಒಂದು ಹೊತ್ತುಗೊತ್ತು

ಹಬ್ಬದ ದಿನ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂರುವಾಗ ಮುಖ್ಯ ಅಡುಗೆ ಒಂದೋ ಎರಡೋ ಇರುತ್ತದೆ, ಮೇಲೋಗರಗಳು ಐದಾರು. ಮುಖ್ಯ ಅಡುಗೆಯ ಮೇಲೆ ಎಲ್ಲರ ಕಣ್ಣಿರುವುದರಿಂದ ಅದು ಹೇಗೋ ಹದಕ್ಕೆ ಬಂದುಬಿಡುತ್ತದೆ. ಕೈ ಸೋಲುವುದು ಮೇಲೋಗರಗಳಲ್ಲಿ. ಹಿಸುಕಿದ ಆಲೂಗಡ್ಡೆ ಅಂಟಂಟಾಗುತ್ತದೆ, ಹಸಿರು ಬೀನ್ಸ್ ಬಣ್ಣಗೆಡುತ್ತದೆ, ಸಲಾಡ್ ನೀರು ಬಿಟ್ಟುಕೊಂಡು ಕುಗ್ಗಿ ಕೂರುತ್ತದೆ. ಹಾಗೆಂದು ಪಾಕವಿಧಾನದಲ್ಲಿ ತಪ್ಪಿರುವುದಿಲ್ಲ. ಅದು ಹತ್ತು ನಿಮಿಷ ಬೇಯಿಸಿ ಎಂದು ಹೇಳಿ ಸುಮ್ಮನಾಗುತ್ತದೆ. ಒಲೆಯಿಂದ ಇಳಿಸಿದ ಪಾತ್ರೆ ಇನ್ನೆರಡು ಗಂಟೆ ಕಾಯಬೇಕು ಎಂಬುದು ಅದರ ಲೆಕ್ಕದಲ್ಲಿ ಬರುವುದಿಲ್ಲ. ಆ ಎರಡು ಗಂಟೆಗಳಲ್ಲಿ ಪಾತ್ರೆಯೊಳಗೆ ಏನು ನಡೆಯುತ್ತದೆ ಎಂದು ತಿಳಿದಿದ್ದರೆ, ಯಾವುದನ್ನು ಹಿಂದಿನ ದಿನವೇ ಮಾಡಿಡಬಹುದು, ಯಾವುದನ್ನು ಎಲ್ಲರೂ ಕೈತೊಳೆದುಕೊಂಡು ಬರುವಾಗ ಮಾಡಬೇಕು ಎಂಬುದು ತಾನಾಗಿಯೇ ಹೊಳೆಯುತ್ತದೆ.

ಇಷ್ಟೊಂದು ಬಗೆ ಯಾಕೆ ಬೇಕು ಎಂಬ ಪ್ರಶ್ನೆಗೆ ವಿಜ್ಞಾನದಲ್ಲಿ ಸೊಗಸಾದ ಉತ್ತರವಿದೆ. ಒಂದೇ ಖಾದ್ಯವನ್ನು ತಿನ್ನುತ್ತಾ ಹೋದಂತೆ ಹೊಟ್ಟೆ ತುಂಬುವ ಮೊದಲೇ ನಾಲಿಗೆಗೆ ಅದು ಸಾಕೆನಿಸುತ್ತದೆ. ಆದರೆ ಬೇರೆ ಖಾದ್ಯದ ಮೇಲಿನ ಆಸೆ ಹಾಗೇ ಉಳಿದಿರುತ್ತದೆ. ಆಹಾರ ಸೇವನೆಯ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಹೂರಣದ ಸ್ಯಾಂಡ್‌ವಿಚ್ ಪಡೆದವರಿಗಿಂತ ನಾಲ್ಕು ಬಗೆಯವನ್ನು ಪಡೆದವರು ಸುಮಾರು ಮೂರನೇ ಒಂದು ಭಾಗ ಹೆಚ್ಚು ತಿಂದರು. ಮೊಸರಿನೊಂದಿಗೆ ಮಾಡಿದ ಪ್ರಯೋಗ ನನಗೆ ಇನ್ನೂ ಮುಖ್ಯವೆನಿಸುತ್ತದೆ. ರುಚಿಯ ಜೊತೆಗೆ ಬಣ್ಣವೂ ಬಾಯಿಗೆ ತಾಗುವ ಹದವೂ ಬೇರೆಯಾಗಿದ್ದಾಗ ಜನ ಹೆಚ್ಚು ತಿಂದರು. ರುಚಿಯೊಂದೇ ಬೇರೆಯಾಗಿದ್ದಾಗ ಅಂಥ ಹೆಚ್ಚಳ ಕಾಣಲಿಲ್ಲ. ಹಾಗಾಗಿ ಮೇಲೋಗರದ ಬೆಲೆಯಿರುವುದು ಅದು ಪಕ್ಕದ್ದಕ್ಕಿಂತ ಎಷ್ಟು ಬೇರೆಯಾಗಿದೆ ಎಂಬುದರಲ್ಲಿ: ಒಂದು ಗರಿಗರಿ, ಒಂದು ನುಣುಪು, ಒಂದು ಹುಳಿ, ಒಂದು ಕಡುಹಸಿರು. ಕಾಯುವಿಕೆ ಅಳಿಸಿಹಾಕುವುದು ಈ ವ್ಯತ್ಯಾಸಗಳನ್ನೇ. ಎರಡು ಗಂಟೆ ಬಿಟ್ಟರೆ ಎಲ್ಲವೂ ಮೆತ್ತಗೆ, ಮಂಕಾಗಿ, ಉಗುರುಬೆಚ್ಚಗೆ ಒಂದೇ ತೆರನಾಗಿಬಿಡುತ್ತವೆ.

ಮೊದಲು ಹೋಗುವುದು ಹಸಿರು. ಬೀನ್ಸ್ ಅಥವಾ ಬಟಾಣಿಯನ್ನು ಕುದಿಯುವ ನೀರಿಗೆ ಹಾಕಿದ ಕೆಲವೇ ಕ್ಷಣಗಳಲ್ಲಿ ಬಣ್ಣ ಮಿಂಚುತ್ತದೆ, ಏಕೆಂದರೆ ಕೋಶಗಳ ನಡುವೆ ಸಿಕ್ಕಿಕೊಂಡಿದ್ದ ಗಾಳಿ ಹೊರಬಿದ್ದು ಒಳಗಿನ ಹಸಿರು ನೇರವಾಗಿ ಕಾಣತೊಡಗುತ್ತದೆ. ಪತ್ರಹರಿತ್ತಿನ ಅಣುವಿನ ನಟ್ಟನಡುವೆ ಮೆಗ್ನೀಷಿಯಂನ ಒಂದು ಪರಮಾಣು ಇದೆ. ಇದನ್ನು ಕಂಡುಕೊಂಡ ರಿಚರ್ಡ್ ವಿಲ್‌ಸ್ಟಾಟರ್ ಅವರಿಗೆ ಸಸ್ಯವರ್ಣಗಳ ಕುರಿತ ಕೆಲಸಕ್ಕಾಗಿ 1915ರ ನೊಬೆಲ್ ಸಂದಿತು. ತರಕಾರಿ ಬೇಯುತ್ತಿದ್ದಂತೆ ಕೋಶಗಳು ಒಡೆದು ಅವುಗಳದೇ ಆಮ್ಲ ಹೊರಗೆ ಹರಿಯುತ್ತದೆ, ಮೆಗ್ನೀಷಿಯಂನ ಜಾಗಕ್ಕೆ ಹೈಡ್ರೋಜನ್ ಬಂದು ಕೂರುತ್ತದೆ, ಹಸಿರು ಕಂದು ಮಿಶ್ರಿತ ಪಾಚಿಬಣ್ಣಕ್ಕೆ ತಿರುಗುತ್ತದೆ. ಏಳೆಂಟು ನಿಮಿಷಗಳಲ್ಲಿ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಒಲೆ ಆರಿಸಿದರೂ ತರಕಾರಿ ಬಿಸಿಯಾಗಿರುವಷ್ಟು ಹೊತ್ತು ಈ ಕ್ರಿಯೆ ನಿಲ್ಲುವುದಿಲ್ಲ. ಮುಚ್ಚಳ ಮುಚ್ಚಿಟ್ಟರಂತೂ ಕೇಳುವುದೇ ಬೇಡ. ಹೀಗಾಗಿ ಹಸಿರು ತರಕಾರಿಯನ್ನು ಬೆಳಿಗ್ಗೆಯೇ ಮೂರು ನಾಲ್ಕು ನಿಮಿಷ ಬೇಯಿಸಿ, ಬಸಿದು, ತಕ್ಷಣ ಐಸ್ ನೀರಿಗೆ ಹಾಕಿ, ನೀರು ಸೋಸಿ ಫ್ರಿಜ್‌ನಲ್ಲಿಡುವುದು ಒಳ್ಳೆಯದು. ಬಡಿಸುವ ಮುನ್ನ ಬೆಣ್ಣೆಯಲ್ಲೋ ಎಣ್ಣೆಯಲ್ಲೋ ಒಂದು ಸುತ್ತು ಹೊರಳಿಸಿದರೆ ಮುಗಿಯಿತು. ನಿಂಬೆರಸವೇನಿದ್ದರೂ ತಟ್ಟೆಗೆ ಹಾಕುವಾಗ. ಹಸಿರು ಉಳಿಯಲೆಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಬಣ್ಣ ಉಳಿಯುತ್ತದೆ, ನಿಜ. ಆದರೆ ಕ್ಷಾರಕ್ಕೆ ಕೋಶಭಿತ್ತಿ ಕರಗಿ ತರಕಾರಿ ಲೋಳೆಯಾಗುತ್ತದೆ, ಥಯಾಮಿನ್ ಎಂಬ ಬಿ ಜೀವಸತ್ವವೂ ನಾಶವಾಗುತ್ತದೆ. ಬಣ್ಣಕ್ಕಾಗಿ ಇಷ್ಟು ಕೊಡುವುದು ದುಬಾರಿ.

ಆಲೂಗಡ್ಡೆಯ ಕಥೆ ಹೆಚ್ಚು ಸ್ವಾರಸ್ಯಕರ. ಅದರ ತೆಳುವಾದ ಒಂದು ಪದರವನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಒತ್ತೊತ್ತಾದ ಕೋಶಗಳು, ಪ್ರತಿ ಕೋಶದೊಳಗೂ ಅಂಡಾಕಾರದ ಪಿಷ್ಟದ ಕಣಗಳು ಕಾಣುತ್ತವೆ. ನೀರು ಬಿಸಿಯಾಗಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟುವಾಗ ಈ ಕಣಗಳು ನೀರು ಹೀರಿ ಉಬ್ಬುತ್ತವೆ, ಕೋಶದ ತುಂಬಾ ಆವರಿಸಿಕೊಳ್ಳುತ್ತವೆ. ಶಾಖ ಇನ್ನೂ ಏರಿದಾಗ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಸಡಿಲಗೊಳ್ಳುತ್ತದೆ. ಈ ಹಂತದಲ್ಲಿ ಆಲೂಗಡ್ಡೆಯನ್ನು ಮೆಲ್ಲಗೆ ಹಿಸುಕಿದರೆ ಕೋಶಗಳು ಒಡೆಯುವುದಿಲ್ಲ, ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ ಅಷ್ಟೆ. ಪಿಷ್ಟ ಒಳಗೇ ಉಳಿಯುತ್ತದೆ. ಹದವಾದ ಮುದ್ದೆ ಬಾಯಲ್ಲಿ ಹಗುರವೆನಿಸುವುದು ಇದರಿಂದ. ಮಿಕ್ಸಿಯ ಬ್ಲೇಡು ಇದೇ ಕೋಶಗಳನ್ನು ಸೀಳಿ ಹಾಕುತ್ತದೆ. ಒಳಗಿದ್ದ ಅಮೈಲೋಸ್ ಎಂಬ ಉದ್ದನೆಯ ಪಿಷ್ಟದ ಅಣುಗಳು ಹೊರಬಂದು ನೀರಿನೊಡನೆ ಬೆರೆತು ಅಂಟಾಗುತ್ತವೆ. ಒಮ್ಮೆ ಹೀಗಾದ ಮೇಲೆ ಎಷ್ಟು ಬೆಣ್ಣೆ, ಎಷ್ಟು ಹಾಲು ಸುರಿದರೂ ಸರಿಪಡಿಸಲಾಗದು. ಆಲೂಗಡ್ಡೆಯನ್ನು ಹಿಸುಕಲು ಕೈಯಲ್ಲಿ ಹಿಡಿದು ಒತ್ತುವ ಸಾಧನವೇ ಸರಿ ಎಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ನೆಂಟರು ಹೆಚ್ಚಿರುವ ದಿನಕ್ಕೆ ಇಲ್ಲೊಂದು ಉಪಾಯವಿದೆ. ಆಲೂಗಡ್ಡೆಯ ಬಿಲ್ಲೆಗಳನ್ನು ಮೊದಲು ಸುಮಾರು 70 ಡಿಗ್ರಿಯ ನೀರಿನಲ್ಲಿ ಇಪ್ಪತ್ತು-ಮೂವತ್ತು ನಿಮಿಷ ಇಡಬೇಕು. ನೀರು ಕುದಿಯಬಾರದು, ಆವಿಯಾಡುತ್ತಿರಬೇಕು ಅಷ್ಟೇ. ಆಮೇಲೆ ತಣ್ಣೀರಿನಲ್ಲಿ ಪೂರ್ತಿ ಆರಿಸಿ, ನಂತರ ಎಂದಿನಂತೆ ಬೇಯಿಸಬೇಕು. ಮೊದಲ ಹಂತದಲ್ಲಿ ಪಿಷ್ಟ ಉಬ್ಬುತ್ತದೆ. ಆರಿದಾಗ ಅಮೈಲೋಸ್ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಹೀಗೆ ಹೆಣೆದುಕೊಂಡ ಅಮೈಲೋಸ್ ಕುದಿಯುವ ನೀರಿಗೂ ಸುಲಭವಾಗಿ ಜಗ್ಗುವುದಿಲ್ಲ. ಜೊತೆಗೆ ಆ ತಾಪದಲ್ಲಿ ಆಲೂಗಡ್ಡೆಯದೇ ಒಂದು ಕಿಣ್ವ ಚುರುಕಾಗಿ, ಕ್ಯಾಲ್ಸಿಯಂ ಪೆಕ್ಟಿನ್ ಅನ್ನು ಬಿಗಿಯಾಗಿ ಹಿಡಿಯುವಂತೆ ಮಾಡುತ್ತದೆ, ಕೋಶದ ಗೋಡೆ ಬಲಗೊಳ್ಳುತ್ತದೆ. ಮುಂದೆ ಹಿಸುಕುವಾಗ ಕೈ ಸ್ವಲ್ಪ ಹೆಚ್ಚು ಬಿದ್ದರೂ ಅಂಟಾಗುವ ಭಯ ಕಡಿಮೆ. 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಒಣಗಿಸಿದ ಆಲೂಗಡ್ಡೆ ಚಕ್ಕೆಗಳನ್ನು ರೂಪಿಸಿದಾಗ ನೆರವಾದದ್ದು ಹೀಗೆ ಮೊದಲು ಬಿಸಿ ಮಾಡಿ ಆರಿಸುವ ಕ್ರಮವೇ. ಹೀಗೆ ಮಾಡಿದ ಮುದ್ದೆಯನ್ನು ಹಿಂದಿನ ದಿನವೇ ಸಿದ್ಧಪಡಿಸಿ, ಬಿಸಿ ಹಾಲಿನೊಂದಿಗೆ ನಿಧಾನವಾಗಿ ಕಾಯಿಸಿಕೊಳ್ಳಬಹುದು.

ಕಾದಷ್ಟೂ ರುಚಿಯಾಗುವ ಮೇಲೋಗರಗಳೂ ಇವೆ, ಅವನ್ನು ನಾವು ಇನ್ನಷ್ಟು ನೆಚ್ಚಿಕೊಳ್ಳಬೇಕು. ಬೇಯಿಸಿದ ಒಣಕಾಳುಗಳು ರಾತ್ರಿಯಿಡೀ ತಮ್ಮ ರಸದಲ್ಲೇ ನೆನೆದರೆ ಉಪ್ಪು, ಮಸಾಲೆ ಕಾಳಿನ ಒಡಲಿಗೆ ಇಳಿಯುತ್ತವೆ. ಆದರೆ ಟೊಮೆಟೊ ಅಥವಾ ಬೇರೆ ಯಾವುದೇ ಹುಳಿಯನ್ನು ಕಾಳು ಮೆತ್ತಗಾದ ಮೇಲೆಯೇ ಹಾಕಬೇಕು, ಏಕೆಂದರೆ ಆಮ್ಲದಲ್ಲಿ ಪೆಕ್ಟಿನ್ ಕರಗಲು ಒಪ್ಪುವುದಿಲ್ಲ. ವಿನೆಗರ್‌ನಲ್ಲಿ ನೆನೆಸಿದ ಕೆಂಪು ಎಲೆಕೋಸೂ ಮಾರನೆಯ ದಿನಕ್ಕೇ ಹೇಳಿ ಮಾಡಿಸಿದ್ದು. ಹುಳಿಯಲ್ಲಿ ಅದರ ಆಂಥೋಸಯನಿನ್ ವರ್ಣಕ ಕೆಂಪಾಗಿ ಬೆಳಗುತ್ತದೆ. ಹುಳಿಯಿಲ್ಲದೆ ಬೇಯಿಸಿದರೆ ನೀಲಿಗೆ ಜಾರುತ್ತದೆ.

ಸಲಾಡ್ ಇದಕ್ಕೆ ಪೂರ್ತಿ ತದ್ವಿರುದ್ಧ. ಸೌತೆಕಾಯಿಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು, ಉಪ್ಪು ಬಿದ್ದೊಡನೆ ಪರಾಸರಣದಿಂದ, ಅಂದರೆ ಉಪ್ಪು ಹೆಚ್ಚಿರುವ ಕಡೆಗೆ ನೀರು ಸರಿಯುವ ಗುಣದಿಂದ, ಅದು ಹೊರಗೆ ಬರಲೇಬೇಕು. ಮೊದಲೇ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟು ನೀರು ಬಸಿಯಿರಿ, ಇಲ್ಲವೇ ತಿನ್ನುವ ಕ್ಷಣದಲ್ಲಿ ಉಪ್ಪು ಹಾಕಿ, ನಡುವಿನ ದಾರಿಯಿಲ್ಲ. ಎಲೆಗಳನ್ನು ಹೆಚ್ಚು ಬೇಗ ಬಾಡಿಸುವುದು ಎಣ್ಣೆ. ಎಲೆಯ ಮೇಲಿನ ಮೇಣದ ಪದರ ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ.

ಇನ್ನು ಹಿಂದಿನ ದಿನ ಮಾಡಿಟ್ಟದ್ದನ್ನು ತಣ್ಣಗಾಗಿಸುವ ವಿಷಯ. ಇದರ ಬಗ್ಗೆ ನನ್ನ ಕಾಳಜಿ ಉಳಿದೆಲ್ಲಕ್ಕಿಂತ ಹೆಚ್ಚು. ಆಲೂಗಡ್ಡೆಯ ಮುದ್ದೆ, ಗಟ್ಟಿ ಕಾಳಿನ ಪಲ್ಯದಂಥವು ಸಾರಿನ ಹಾಗೆ ತಾವೇ ಒಳಗೊಳಗೆ ಸುತ್ತಾಡುವುದಿಲ್ಲ; ಶಾಖ ಕಣದಿಂದ ಕಣಕ್ಕೆ ದಾಟಿಯೇ ಹೊರಬರಬೇಕು. ಹಾಗೆ ಬರಲು ಬೇಕಾಗುವ ಸಮಯ ದಪ್ಪದ ವರ್ಗಕ್ಕೆ, ಅಂದರೆ ದಪ್ಪವನ್ನು ಅದರಿಂದಲೇ ಗುಣಿಸಿದ ಮೊತ್ತಕ್ಕೆ, ಅನುಗುಣವಾಗಿ ಏರುತ್ತದೆ. 4 ಸೆಂಟಿಮೀಟರ್ ಎತ್ತರಕ್ಕೆ ಹರಡಿದ್ದಕ್ಕಿಂತ 12 ಸೆಂಟಿಮೀಟರ್ ತುಂಬಿದ ಪಾತ್ರೆಯ ನಡುಭಾಗ ಆರಲು ಮೂರು ಪಟ್ಟಲ್ಲ, ಒಂಬತ್ತು ಪಟ್ಟು ಸಮಯ ಬೇಕು. ಪಾತ್ರೆ, ಗಾಳಿ, ಮುಚ್ಚಳ ಎಲ್ಲ ಸೇರಿ ಅಡುಗೆಮನೆಯಲ್ಲಿ ಈ ಲೆಕ್ಕ ಇಷ್ಟು ಕರಾರುವಾಕ್ಕಾಗಿರದು, ಆದರೆ ಅದರ ದಿಕ್ಕು ಬದಲಾಗುವುದಿಲ್ಲ. ಹೊರಗೆ ಮುಟ್ಟಿದರೆ ತಣ್ಣಗಿರುವ ದೊಡ್ಡ ಪಾತ್ರೆಯ ಒಡಲು ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ಆ ಬೆಚ್ಚನೆಯ ಒಡಲು ಕೆಲವು ಬ್ಯಾಕ್ಟೀರಿಯಾಗಳಿಗೆ ಬಲು ಪ್ರಿಯ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ನ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ಅದರ ರೂಪಗಳು, ಕುದಿಯುವ ನೀರಿನಲ್ಲೂ ಬದುಕುತ್ತವೆ. ಮಾಂಸದ ಖಾದ್ಯ, ಗಟ್ಟಿ ಸಾರು 45 ಡಿಗ್ರಿ ಆಸುಪಾಸಿಗೆ ಇಳಿದಾಗ ಅವು ಎಚ್ಚೆತ್ತು, ಎಲ್ಲ ಅನುಕೂಲಗಳೂ ಒದಗಿದರೆ ಹತ್ತೇ ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಆ ವೇಗದಲ್ಲಿ ಎರಡು ಗಂಟೆಗೆ ಒಂದು ಕೋಶ 4,096 ಆಗುತ್ತದೆ. ಅನ್ನ, ಪಾಸ್ತಾ, ಆಲೂಗಡ್ಡೆಯಂಥ ಪಿಷ್ಟದ ಖಾದ್ಯಗಳಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಮತ್ತೂ ಹಟಮಾರಿ. ವಾಂತಿ ತರಿಸುವ ಅದರ ವಿಷ ಒಮ್ಮೆ ಹುಟ್ಟಿಕೊಂಡರೆ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ, ಬಿಸಿಯಾಗಿಡುವುದಾದರೆ 60 ಡಿಗ್ರಿಗಿಂತ ಮೇಲೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಕಾರಣಗಳಿಂದ. ದೊಡ್ಡ ಪಾತ್ರೆಯಲ್ಲಿದ್ದುದನ್ನು ಅಗಲವಾದ ತಟ್ಟೆಗಳಿಗೆ ತೆಳ್ಳಗೆ ಹರಡಿ, ಆವಿ ಅಡಗಿದೊಡನೆ ಫ್ರಿಜ್‌ಗೆ ಸೇರಿಸಿ. ಪೂರ್ತಿ ತಣ್ಣಗಾಗಲಿ ಎಂದು ಕಾಯುತ್ತಾ ಕೂರಬೇಡಿ.

ಓವನ್‌ನಲ್ಲಿ ಹುರಿಯುವ ತರಕಾರಿಗೆ ಒಂದೇ ಮಾತು: ತಟ್ಟೆಯಲ್ಲಿ ಜಾಗ ಬಿಡಿ. ಕಂದುಬಣ್ಣ, ಘಮ ಎರಡನ್ನೂ ಕೊಡುವ ಮೈಲಾರ್ಡ್ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿ ಬೇಕು. ಒತ್ತೊತ್ತಾಗಿ ತುಂಬಿದ ತರಕಾರಿಯಿಂದ ಹೊರಡುವ ಆವಿ ಮೇಲ್ಮೈಯನ್ನು 100ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಇದನ್ನು ಕೊನೆಗೇ ಮಾಡಿ, ಮುಚ್ಚಳ ಮುಚ್ಚದೆ ಬಡಿಸಿ.

ರುಚಿ ನೋಡುವುದೂ ಬಡಿಸುವ ಬಿಸಿಯಲ್ಲೇ ಆಗಬೇಕು. ಸಿಹಿ, ಕಹಿ ಮತ್ತು ಉಮಾಮಿ (ಅಣಬೆ, ಮಾಂಸದ ಸಾರುಗಳಲ್ಲಿರುವ ರುಚಿ) ರುಚಿಗಳ ಸಂಕೇತವನ್ನು ನಾಲಿಗೆಯಲ್ಲಿ ಮುಂದಕ್ಕೆ ಸಾಗಿಸುವ ಟಿಆರ್‌ಪಿಎಂ5 ಎಂಬ ಪ್ರೊಟೀನು 15ರಿಂದ 35 ಡಿಗ್ರಿಯವರೆಗೆ ತಾಪ ಏರಿದಂತೆ ಹೆಚ್ಚು ಚುರುಕಾಗುತ್ತದೆ ಎಂದು 2005ರಲ್ಲಿ ತಿಳಿದುಬಂತು. ಬಿಸಿಯಿದ್ದಾಗ ನಾಲಿಗೆಗೆ ಸರಿಯೆನಿಸಿದ ಆಲೂಗಡ್ಡೆ ಸಲಾಡ್ ಫ್ರಿಜ್‌ನಿಂದ ಹೊರಬಂದಾಗ ಸಪ್ಪೆಯಾಗಿರುವುದರಲ್ಲಿ ಇದರ ಪಾಲೂ ಇದೆ. ತಣ್ಣಗೆ ಬಡಿಸುವುದನ್ನು ತಣ್ಣಗಿರುವಾಗಲೇ ಮತ್ತೊಮ್ಮೆ ಸವಿದು ನೋಡಿ. ಬೇಕೆನಿಸಿದರೆ ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ ಸೇರಿಸಿ, ಆಮೇಲೆ ಎಲ್ಲರನ್ನೂ ಊಟಕ್ಕೆ ಕರೆಯಿರಿ.