‘ಗಟ್ಟಿ ಮಣ್ಣು’ ಅಂದ್ರೆ ಯಾವ ಗಟ್ಟಿ?

ಮೊನ್ನೆ ಹುಬ್ಬಳ್ಳಿಯಿಂದ ಗದಗಕ್ಕೆ ಹೋಗೋ ರಸ್ತೇಲಿ ಒಂದು ಹೊಸ ಲೇಔಟಿನ ಬೋರ್ಡು ಕಣ್ಣಿಗೆ ಬಿತ್ತು, ‘ಗಟ್ಟಿ ಮಣ್ಣಿನ ಸೈಟುಗಳು, ಪಾಯದ ಖರ್ಚು ಕಡಿಮೆ’ ಅಂತ. ಬೋರ್ಡಿನ ಕಾಲ ಬುಡದಲ್ಲೇ ಕೈ ಹೋಗೋ ಅಷ್ಟು ಬಿರುಕು ಬಿಟ್ಟ ಕಪ್ಪು ಎರೆ ನೆಲ, ಪಕ್ಕದ ಹೊಲದಲ್ಲಿ ಹತ್ತಿ ಕಡ್ಡಿ ಇನ್ನೂ ನಿಂತಿದೆ. ಸೈಟ್ ಮಾರೋರು ಬಿಡಿ, ಮೇಸ್ತ್ರಿಗಳು, ಮನೆ ಕಟ್ಟಿಸ್ತಿರೋ ನೆಂಟರು, ಒಬ್ಬಿಬ್ರು ಇಂಜಿನಿಯರುಗಳು ಕೂಡ ಈ ‘ಗಟ್ಟಿ’ಯನ್ನ ಹಿಂಗೇ ಬಳಸೋದು ಕೇಳಿ ಕೇಳಿ ಸಾಕಾಗಿದೆ.

ಮೊದಲು ಪದ ನೋಡಿ. ಚಿನ್ನದ ಗಟ್ಟಿ, ಗಟ್ಟಿ ಮೊಸರು, ಗಟ್ಟಿ ದನಿ, ಗಟ್ಟಿ ಕುಳ, ಗಟ್ಟಿಗಿತ್ತಿ, ಗಟ್ಟಿಮೇಳ. ಇಷ್ಟರಲ್ಲಿ ಹಾರೆಗೆ ಬಗ್ಗದೇ ಇರೋದು ಎಷ್ಟಿದೆ ಹೇಳಿ? ಮೊಸರು ಗಟ್ಟಿ ಅಂದ್ರೆ ನೀರಾಗಿಲ್ಲ ಅಂತ, ಕುಳ ಗಟ್ಟಿ ಅಂದ್ರೆ ದುಡ್ಡಿದೆ ಅಂತ. ತಮಿಳಿನ ‘ಕಟ್ಟಿ’ಗೆ ಇವತ್ತಿಗೂ ಗಡ್ಡೆ, ಹೆಂಟೆ ಅನ್ನೋದೇ ಮುಖ್ಯ ಅರ್ಥ, ನಮ್ಮ ಚಿನ್ನದ ಗಟ್ಟೀಲಿ ಉಳಿದಿರೋದೂ ಅದೇ. ಕರಾವಳಿಯವರು ನಾಗರ ಪಂಚಮಿಗೆ ಅರಿಶಿನ ಎಲೇಲಿ ಬೇಯಿಸೋ ‘ಗಟ್ಟಿ’ ಬಾಯಲ್ಲಿಟ್ರೆ ಮೆತ್ತಗೆ, ಅಲ್ಲೂ ಈ ಮುದ್ದೆಯ ಅರ್ಥವೇ ಇರಬೇಕು ಅನ್ಸತ್ತೆ ನಂಗೆ. (ಹೆಪ್ಪುಗಟ್ಟು, ಸಾಲುಗಟ್ಟು ಇವೆಲ್ಲ ಬೇರೆ, ಅಲ್ಲಿರೋದು ‘ಕಟ್ಟು’, ಎರಡನ್ನೂ ಗಂಟು ಹಾಕೋರು ಇದಾರೆ, ನೀವು ಹಾಕ್ಬೇಡಿ.) ಅಂದ್ರೆ ಗಟ್ಟಿ ಅನ್ನೋದು ಒಂದು ವಸ್ತು ಈ ಹೊತ್ತಿಗೆ ಹೆಂಗಿದೆ ಅಂತ ಹೇಳೋ ಮಾತು. ನೀರು ಬಿದ್ದ ಮೇಲೂ ಹಂಗೇ ಇರತ್ತೆ ಅನ್ನೋ ಗ್ಯಾರಂಟಿ ಆ ಪದದೊಳಗಿಲ್ಲ.

ಇದನ್ನ ನೋಡಬೇಕು ಅಂದ್ರೆ ಮೇ ತಿಂಗಳಲ್ಲಿ ಎರೆ ಹೊಲದಿಂದ ಮುಷ್ಟಿ ಗಾತ್ರದ ಒಂದು ಹೆಂಟೆ ತನ್ನಿ. ನೆಲಕ್ಕೆ ಬಡಿದ್ರೂ ಸುಲಭಕ್ಕೆ ಒಡೆಯಲ್ಲ, ಕಲ್ಲೇ. ಬಕೆಟ್ ನೀರಿಗೆ ಹಾಕಿ ಕಾಫಿ ಕುಡಿದು ಬನ್ನಿ. ಅಂಚಿಂದ ಗುಳ್ಳೆ ಬಿಡ್ತಾ ಸಿಪ್ಪೆ ಸಿಪ್ಪೆಯಾಗಿ ಕಳಚಿ ತಳದಲ್ಲಿ ರಾಡಿಯಾಗಿ ಕೂತಿರತ್ತೆ. ಈ ಮಣ್ಣಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜಾತಿಯ ಜೇಡಿ ಖನಿಜ ಜಾಸ್ತಿ (ಹೆಸರು ಫ್ರಾನ್ಸಿನ ಒಂದು ಊರಿಂದ ಬಂದಿದ್ದು, ಆಸ್ತಿ ಮಾತ್ರ ನಮ್ದು), ಅದರ ಪದರಗಳ ಸಂದೀಲಿ ನೀರು ಹೊಕ್ಕರೆ ಉಬ್ಬತ್ತೆ, ಒಣಗಿದ್ರೆ ಕುಗ್ಗತ್ತೆ, ಪ್ರತಿ ವರ್ಷ.

ನಮ್ಮ ಸೋದರಮಾವ ಅಣ್ಣಿಗೇರಿ ಕಡೆ ಮನೆ ಕಟ್ಟಿಸಿದ್ದು ಇಂಥ ನೆಲದ ಮೇಲೇ. ಪಾಯ ತೋಡಿಸಿದ್ದು ಮೇ ತಿಂಗಳಲ್ಲಿ. ಮೇಸ್ತ್ರಿ ಹಾರೆ ಎತ್ತಿ ಹಾಕಿ ಠಣ್ ಅನ್ಸಿ ‘ಏನ್ ಗಟ್ಟಿ ಐತ್ರೀ ಯಜಮಾನ್ರ ಮಣ್ಣು, ಹಾರಿ ಇಳೀವಲ್ದು, ಮೂರಡಿ ರಗಡ ಆತು’ ಅಂದ. ಐದಡಿ ಅಂತ ಬರೆದಿದ್ದ ಡ್ರಾಯಿಂಗು ಮಾವನ ಚೀಲದಲ್ಲೇ ಉಳೀತು. ಎರಡನೇ ಮಳೆಗಾಲಕ್ಕೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು, ಒಂದು ರೂಪಾಯಿ ನಾಣ್ಯ ನಿಲ್ಲಿಸಬಹುದು ಅಷ್ಟು ಅಗಲ. ಕಾಂಪೌಂಡ್ ಗೇಟಿನ ಚಿಲಕ ಬೇಸಿಗೇಲಿ ಕೂರತ್ತೆ, ಶ್ರಾವಣ ಬಂದ್ರೆ ಕೂರಲ್ಲ. ‘ಒಂದಂತಸ್ತಿನ ಹಗುರ ಮನಿ, ಏನಾಗ್ತದ’ ಅಂತಿದ್ರು ಮಾವ. ಉಬ್ಬೋ ಮಣ್ಣಲ್ಲಿ ಹಗುರ ಇರೋದೇ ತೊಂದರೆ, ಕೆಳಗಿಂದ ಎತ್ತೋ ಮಣ್ಣನ್ನ ಅದುಮಿ ಹಿಡಿಯೋ ಭಾರ ಇಲ್ಲ. ಅದಕ್ಕೇ ಮೊದಲು ಹೋಗೋದು ಕಾಂಪೌಂಡು, ಮೆಟ್ಲು, ಸಂಪಿನ ಗೋಡೆ.

ಇನ್ನು ಖರ್ಚು. ಪಾಯದ ಖರ್ಚನ್ನ ನಿರ್ಧರಿಸೋದು ಹಾರೆಯ ಸದ್ದಲ್ಲ, ಯಾವ ಆಳದಲ್ಲಿ, ಎಷ್ಟು ಅಗಲದ ಫುಟಿಂಗಿಗೆ (ಕಂಬದ ಬುಡದ ಕಾಂಕ್ರೀಟ್ ಹಾಸು), ನೆಂದಾಗಲೂ ನೆಲ ಎಷ್ಟು ಭಾರ ಹೊರತ್ತೆ ಅನ್ನೋದು. ಒಂದು ಕಂಬಕ್ಕೆ 30 ಟನ್ ಬರತ್ತೆ ಅಂತಿಟ್ಕೊಳ್ಳಿ. ನೆಲ ಚದರ ಮೀಟರಿಗೆ 20 ಟನ್ ಹೊರೋದಾದ್ರೆ 1.5 ಚದರ ಮೀಟರ್ ಸಾಕು, ಸುಮಾರು 4 ಅಡಿಗೆ 4 ಅಡಿ. 5 ಟನ್ ಅಷ್ಟೇ ಅಂದ್ರೆ 6 ಚದರ ಮೀಟರ್, 8 ಅಡಿಗೆ 8 ಅಡಿ. ಹನ್ನೆರಡು ಕಂಬದ ಮನೆಗೆ 5 ಅಡಿ ಆಳ ತೋಡಿದ್ರೆ ಬರೀ ಗುಂಡಿಯ ಲೆಕ್ಕವೇ 960 ಘನ ಅಡಿ ಇದ್ದಿದ್ದು 3840 ಆಗತ್ತೆ, ಅದರ ಮೇಲೆ ಫುಟಿಂಗ್ ಅಗಲ ಆದಷ್ಟೂ ಅಂಚು ಕಂಬದಿಂದ ದೂರ ಚಾಚತ್ತಲ್ಲ, ಹಂಗಾಗಿ ದಪ್ಪಾನೂ ಏರತ್ತೆ ಕಬ್ಬಿಣಾನೂ ಏರತ್ತೆ. ಫುಟಿಂಗುಗಳೇ ಮನೆಯ ಅರ್ಧ ಜಾಗ ತಿನ್ನೋ ಹಂಗಾದ್ರೆ ಬಿಡಿ ಬಿಡಿ ಫುಟಿಂಗ್ ಬಿಟ್ಟು ಪೂರ್ತಿ ರಾಫ್ಟ್, ಅಂದ್ರೆ ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಹಾಸು, ಹಾಕೋದೇ ಅಗ್ಗ ಆಗಬಹುದು, ಲೆಕ್ಕ ಮಾಡಿಸಿ ನೋಡಬೇಕು.

ಇಲ್ಲೇ ಎರಡನೇ ಕಿರಿಕಿರಿ. ‘ನಮ್ ಸೈಟಿನ ಎಸ್‌ಬಿಸಿ 20’ ಅಂತಾರೆ, ಮಗುವಿನ ಮಾರ್ಕ್ಸ್ ಹೇಳ್ದಂಗೆ. ಎಷ್ಟು ಆಳದಲ್ಲಿ 20? ಎಸ್‌ಬಿಸಿ, ಅಂದ್ರೆ ಸೇಫ್ ಬೇರಿಂಗ್ ಕೆಪ್ಯಾಸಿಟಿ (ನೆಲ ಸುರಕ್ಷಿತವಾಗಿ ಹೊರೋ ಭಾರ) ಅನ್ನೋದು ಮಣ್ಣಿನ ಹುಟ್ಟುಗುಣ ಅಲ್ಲ, ಮೂರಡೀಲಿ ಒಂದು, ಆರಡೀಲಿ ಇನ್ನೊಂದು. ನೆಲ ಕುಸಿಯೋ ಭಾರ ಎಷ್ಟು ಅಂತ ಕಂಡ್ಕೊಂಡು ಅದನ್ನ ಎರಡೂವರೆಯಿಂದಲೋ ಮೂರರಿಂದಲೋ ಭಾಗಿಸಿ ಬಂದ ಅಂಕಿ ಅದು. ಅದರೊಳಗೂ ಮನೆ ಎಷ್ಟು ಇಳಿಯತ್ತೆ ಅನ್ನೋ ಲೆಕ್ಕ ಬೇರೆ ಮಾಡಬೇಕು, ಉಬ್ಬೋ ವಿಷಯವಂತೂ ಅದರಲ್ಲಿ ಇಲ್ಲವೇ ಇಲ್ಲ. ಪಕ್ಕದ ಸೈಟಿನವರ ಮಣ್ಣು ಪರೀಕ್ಷೆ ರಿಪೋರ್ಟ್ ಜೆರಾಕ್ಸ್ ಮಾಡಿಸ್ಕೊಂಡು ಮನೆ ಕಟ್ಟೋರನ್ನ ಕಂಡಿದೀನಿ, ಅಲ್ಲಿಗೆ ಸುಮ್ನಾದೆ.

ಉಬ್ಬೋದನ್ನ ಅಳೆಯೋ ಪರೀಕ್ಷೆ ಎಷ್ಟು ಸರಳ ಅಂದ್ರೆ ಯಾಕೆ ಮಾಡಿಸಲ್ಲ ಅಂತ ಸಿಟ್ಟು ಬರತ್ತೆ. ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂ ನೀರಿನ ಸಿಲಿಂಡರಿಗೆ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಗೆ. ಸೀಮೆಎಣ್ಣೇಲಿ ಈ ಮಣ್ಣು ಉಬ್ಬಲ್ಲ. ಒಂದು ದಿನ ಬಿಟ್ಟು ಎರಡರ ಮಟ್ಟ ನೋಡಿ, ನೀರಿಂದು ಎಷ್ಟು ಪರ್ಸೆಂಟ್ ಮೇಲಿದೆಯೋ ಅದೇ ಫ್ರೀ ಸ್ವೆಲ್ ಇಂಡೆಕ್ಸ್. 50 ದಾಟಿದ್ರೆ ‘ಮೂರಡಿ ರಗಡ’ ಅನ್ನೋ ಮಾತು ಅಲ್ಲಿಗೇ ಮುಗೀತು. ಆಮೇಲೆ ದಾರಿ ಇದೆ. ಎರೆ ಪದರ ತೆಳು ಇದ್ರೆ ಪೂರ್ತಿ ತೆಗೆಸಿ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ತುಂಬಿಸಿ, ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡ್ಸೋದು. ಮರಳು ತುಂಬಿಸಿ ಅನ್ನೋರ ಮಾತು ಕೇಳ್ಬೇಡಿ, ಎರೆ ನೆಲದ ನಡುವೆ ಮರಳಿನ ಗುಂಡಿ ಅಂದ್ರೆ ಮಳೆ ನೀರಿಗೆ ಬಾವಿ ತೋಡಿಕೊಟ್ಟಂಗೆ. ಎರೆ ಆಳಕ್ಕಿದ್ರೆ ಅಂಡರ್-ರೀಮ್ಡ್ ಪೈಲ್, ಬುಡದಲ್ಲಿ ಗಡಿಗೆ ಥರ ಊದಿರೋ ಕಾಂಕ್ರೀಟ್ ಕಂಬ. ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ಬೆಳೆಸಿದ ವಿಧಾನ, ಊದಿದ ಭಾಗ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು ಅಗಲ, ಆಳವಾದ ಎರೆ ನೆಲದಲ್ಲಿ ಕನಿಷ್ಠ 3.5 ಮೀಟರ್ ಇಳಿಸ್ಬೇಕು, ಯಾಕಂದ್ರೆ ಮಳೆ-ಬಿಸಿಲಿನ ಆಟ ಹೆಚ್ಚುಕಮ್ಮಿ ಅದರ ಮೇಲಷ್ಟೇ.

ಉಳಿದ ಮಣ್ಣುಗಳ ಬಗ್ಗೆ ಜಾಸ್ತಿ ಹೇಳಲ್ಲ. ಮಸಾರಿ (ಕೆಂಪು ಮಣ್ಣು), ಗರಸು ಬಂದ್ರೆ ನಿಮ್ಮ ಪುಣ್ಯ. ಕೆರೆ ಅಂಗಳ, ಕ್ವಾರಿ ಗುಂಡಿ ಮುಚ್ಚಿ ಮಾಡಿದ ಸೈಟಾದ್ರೆ ಮೇಲಿನ ಎರಡಡಿ ರೋಲರ್ ಓಡಿಸಿ ಸಿಮೆಂಟಿನಂಗೆ ಮಾಡಿರ್ತಾರೆ, ಕೆಳಗೆ ಹೂಳು, ಕಟ್ಟಡದ ಕಸ. ಹಳೇ ಊರೊಳಗಿನ ಜಾಗ ಆದ್ರೆ ಹಗೇವು ಸಿಗಬಹುದು, ಜೋಳ ತುಂಬ್ತಿದ್ದ ಗುಂಡಿ, ಮೇಲೆ ನಿಂತ್ರೆ ಗಟ್ಟಿ ನೆಲವೇ. ಬಂಡೆ ಬಂತು ಅಂತ ಖುಷಿ ಪಡೋರು ಬ್ರೇಕರ್ ಬಾಡಿಗೆ ಗಂಟೆಗೆ ಎಷ್ಟು ಅಂತ ಕೇಳಿ ಬನ್ನಿ, ಅರ್ಧ ಮನೆ ಬಂಡೆ ಮೇಲೆ ಇನ್ನರ್ಧ ತುಂಬಿದ ಮಣ್ಣಿನ ಮೇಲೆ ಕೂತ್ರೆ ಒಂದು ಕಡೆ ಮಾತ್ರ ಇಳಿದು ನಡುವೆ ಸೀಳತ್ತೆ.

ಬೋರ್ಡಿನ ನಂಬರಿಗೆ ಫೋನ್ ಮಾಡಿದ್ದೆ. ಫ್ರೀ ಸ್ವೆಲ್ ಇಂಡೆಕ್ಸ್ ಎಷ್ಟು ಬಂದಿದೆ ಅಂತ ಕೇಳಿದ್ದಕ್ಕೆ ಆ ಕಡೆಯಿಂದ, ‘ಫ್ರೀನ ಐತ್ರೀ ಸರ್ ಎಲ್ಲಾ, ರಿಜಿಸ್ಟ್ರೇಷನ್ ಒಂದ ನಿಮ್ದು’.